ಇಂಗ್ಲಿಷ್ ಗುರಾಣಿಯ ಹಿಂದೆ ಬದುಕಿದ ಪತ್ರಿಕೆ: ಕಾಂಬೋಡಿಯಾ ಡೈಲಿ ಬೆಳೆದದ್ದು ಹೇಗೆ, ಬಿದ್ದದ್ದು ಯಾಕೆ

2017ರ ಸೆಪ್ಟೆಂಬರ್ 4ರ ಸೋಮವಾರ ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್‌ನಲ್ಲಿ ಒಂದು ಇಂಗ್ಲಿಷ್ ದಿನಪತ್ರಿಕೆಯ ಕೊನೆಯ ಸಂಚಿಕೆ ಹೊರಬಂತು. ಹೆಸರು ಕಾಂಬೋಡಿಯಾ ಡೈಲಿ. ಹಿಂದಿನ ದಿನ ನಡುರಾತ್ರಿ ದಾಟುತ್ತಿದ್ದಂತೆ ಪೊಲೀಸರು ವಿರೋಧ ಪಕ್ಷದ ನಾಯಕ ಕೆಮ್ ಸೊಖಾ ಅವರನ್ನು ಮನೆಯಿಂದ ಹಿಡಿದುಕೊಂಡು ಹೋಗಿದ್ದರು. ಕೊನೆಯ ಸಂಚಿಕೆಯ ಮುಖಪುಟದಲ್ಲಿ ಆ ಸುದ್ದಿಯೇ ಇತ್ತು. ದೇಶ ನೇರವಾಗಿ ಸರ್ವಾಧಿಕಾರಕ್ಕೆ ಜಾರುತ್ತಿದೆ ಎಂಬ ಅರ್ಥದ ತಲೆಬರಹ ಅದರ ಮೇಲಿತ್ತು. ತಮ್ಮ ಕೆಲಸವೇ ಹೋಗುವ ದಿನವೂ ವರದಿಗಾರರು ಸುದ್ದಿಯ ಹಿಂದೆ ಓಡಿದ್ದರು.

ಪತ್ರಿಕೆ ನಡೆದದ್ದು 24 ವರ್ಷ. ಮುಚ್ಚಿಸಲು ಒಂದು ತಿಂಗಳು ಸಾಕಾಯಿತು. ಅಚ್ಚಾಗುತ್ತಿದ್ದದ್ದು ಕೆಲವೇ ಸಾವಿರ ಪ್ರತಿ. ಹಳ್ಳಿಗಾಡಿನ ಕಾಂಬೋಡಿಯನ್ನರಲ್ಲಿ ಅದನ್ನು ಓದಬಲ್ಲವರು ಬಲು ಅಪರೂಪ. ಇಷ್ಟು ಚಿಕ್ಕ ಪತ್ರಿಕೆ ಸರ್ಕಾರವನ್ನು ಎದುರು ಹಾಕಿಕೊಂಡು ಅಷ್ಟು ವರ್ಷ ಬಾಳಿದ್ದು ಹೇಗೆ? ಅಷ್ಟು ವರ್ಷ ಬಾಳಿದ್ದು ಆಮೇಲೆ ಅಷ್ಟು ಬೇಗ ಬಿದ್ದದ್ದು ಯಾಕೆ? ಎರಡೂ ಪ್ರಶ್ನೆಗೆ ಉತ್ತರ ಒಂದೇ ಕಡೆ ಇದೆ ಅಂತ ನನಗನ್ನಿಸುತ್ತದೆ. ಎಷ್ಟು ಜನ ಓದುತ್ತಿದ್ದರು ಅನ್ನುವುದಕ್ಕಿಂತ ಯಾರು ಓದುತ್ತಿದ್ದರು ಅನ್ನುವುದೇ ಆ ಪತ್ರಿಕೆಯ ಆಯಸ್ಸನ್ನು ತೀರ್ಮಾನಿಸಿತು.

ಎಲ್ಲವೂ ಸೊನ್ನೆಯಿಂದ ಶುರುವಾದ ದೇಶ

ಸ್ವಲ್ಪ ಹಿಂದಕ್ಕೆ ಹೋಗಬೇಕು. 1975ರ ಏಪ್ರಿಲ್ 17ರಂದು ಪೋಲ್ ಪಾಟ್ ನಾಯಕತ್ವದ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಡೆ ನಾಮ್ ಪೆನ್ ನಗರವನ್ನು ವಶಪಡಿಸಿಕೊಂಡಿತು. ಊರಿಗೆ ಊರನ್ನೇ ಖಾಲಿ ಮಾಡಿಸಿತು. ಜನರನ್ನು ಹೊಲಗದ್ದೆಗಳಿಗೆ ಅಟ್ಟಿತು. 1979ರ ಜನವರಿಯಲ್ಲಿ ವಿಯೆಟ್ನಾಂ ಸೇನೆ ಬಂದು ಆ ಆಡಳಿತವನ್ನು ಉರುಳಿಸುವಷ್ಟರಲ್ಲಿ ಸುಮಾರು 17 ಲಕ್ಷ ಜನ ಸತ್ತಿದ್ದರು. ಹಸಿವಿನಿಂದ, ರೋಗದಿಂದ, ಚಿತ್ರಹಿಂಸೆಯಿಂದ. ಓದು ಬರಹ ಬಲ್ಲವರನ್ನು ಹುಡುಕಿ ಹುಡುಕಿ ಕೊಂದರು. ಮೇಷ್ಟ್ರು, ಡಾಕ್ಟರು, ವಕೀಲರ ಜೊತೆ ಪತ್ರಕರ್ತರೂ ಹೋದರು. ಹಳಬರು ಹೊಸಬರಿಗೆ ಕೆಲಸ ಕಲಿಸುವ ಸರಪಳಿ ಇರುತ್ತದಲ್ಲ, ಸುದ್ದಿಮನೆಗಳಲ್ಲಿ ಅದು ಪೂರ್ತಿ ತುಂಡಾಯಿತು.

ಆಮೇಲೆ ಇನ್ನೂ ಹನ್ನೆರಡು ವರ್ಷ ಅಂತರ್ಯುದ್ಧ. 1991ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಶಾಂತಿ ಒಪ್ಪಂದವಾಯಿತು. ಅದರಂತೆ ವಿಶ್ವಸಂಸ್ಥೆಯೇ ಬಂದು ಚುನಾವಣೆ ನಡೆಸಿತು. ಸೈನಿಕರು, ಪೊಲೀಸರು, ಅಧಿಕಾರಿಗಳು ಸೇರಿ ಸುಮಾರು 22 ಸಾವಿರ ಜನ ಬಂದಿಳಿದರು. ಆಗಿನ ಲೆಕ್ಕದಲ್ಲಿ ಸುಮಾರು 160 ಕೋಟಿ ಡಾಲರ್ ಖರ್ಚಾಯಿತು. 1993ರ ಮೇ ತಿಂಗಳಲ್ಲಿ ನಡೆದ ಮತದಾನದಲ್ಲಿ ಹತ್ತಿರ ಹತ್ತಿರ ಶೇಕಡ 90ರಷ್ಟು ಜನ ವೋಟು ಹಾಕಿದರು. ಬಾಂಬು, ಬೆದರಿಕೆಗಳ ಮಧ್ಯೆ ಜನ ಸಾಲಾಗಿ ನಿಂತು ವೋಟು ಹಾಕಿದ ಚುನಾವಣೆ ಅದು.

ರಾಜಕುಮಾರ ರಣರಿದ್ಧ್ ಅವರ ಪಕ್ಷಕ್ಕೆ 58 ಸೀಟು ಬಂತು. 1985ರಿಂದ ಪ್ರಧಾನಿಯಾಗಿದ್ದ ಹುನ್ ಸೆನ್ ಅವರ ಪಕ್ಷಕ್ಕೆ 51. ಸೇನೆ, ಪೊಲೀಸು, ಹಳ್ಳಿ ಮಟ್ಟದ ಆಡಳಿತವೆಲ್ಲ ಹುನ್ ಸೆನ್ ಕೈಯಲ್ಲಿತ್ತು. ಅವರು ಬಿಟ್ಟುಕೊಡಲು ಒಪ್ಪಲಿಲ್ಲ. ಕೊನೆಗೆ ಒಂದು ದೇಶಕ್ಕೆ ಇಬ್ಬರು ಪ್ರಧಾನಿಗಳು ಎಂಬ ಏರ್ಪಾಡಾಯಿತು. ಅದು 1997ರ ಜುಲೈವರೆಗೆ ಎಳೆಯಿತು. ಆಗ ಬೀದಿ ಕಾಳಗದಲ್ಲಿ ಹುನ್ ಸೆನ್ ಕಡೆಯವರು ರಣರಿದ್ಧ್ ಅವರನ್ನು ಹೊರಹಾಕಿದರು.

ಈ ಹಿನ್ನೆಲೆ ಇಲ್ಲದೆ ಪತ್ರಿಕೆಯ ಕತೆ ಅರ್ಥವಾಗುವುದಿಲ್ಲ. ಹೊಸ ಸಂವಿಧಾನದಲ್ಲಿ ಪತ್ರಿಕಾ ಸ್ವಾತಂತ್ರ್ಯ ಇತ್ತು. ಅದನ್ನು ಬರೆಸಿದವರು, ಅದಕ್ಕೆ ದುಡ್ಡು ಕೊಟ್ಟವರು ಹೊರಗಿನವರು. ಒಳಗೆ ಅಧಿಕಾರದಲ್ಲಿದ್ದವರು ಹಳಬರೇ.

ಕ್ರಿಷರ್ ಎಂಬ ಹಟಗಾರ

ಬರ್ನಾರ್ಡ್ ಕ್ರಿಷರ್ ಹುಟ್ಟಿದ್ದು 1931ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ಯಹೂದಿ ಕುಟುಂಬ. ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕ ಸೇರಿತು. ದೊಡ್ಡವರಾದ ಮೇಲೆ ಅವರು ನ್ಯೂಸ್‌ವೀಕ್ ವಾರಪತ್ರಿಕೆಯ ಟೋಕಿಯೋ ಬ್ಯೂರೋ ಮುಖ್ಯಸ್ಥರಾದರು. 1975ರಲ್ಲಿ ಜಪಾನಿನ ಚಕ್ರವರ್ತಿ ಹಿರೋಹಿಟೊ ಅವರನ್ನೇ ಸಂದರ್ಶನ ಮಾಡಿದರು. ಕಾಂಬೋಡಿಯಾದ ದೊರೆ ಸಿಹಾನೂಕ್ ಅವರಿಗೆ ಹಳೆಯ ಸ್ನೇಹಿತರು.

ವಯಸ್ಸು ಅರವತ್ತು ದಾಟಿದ ಮೇಲೆ ಕ್ರಿಷರ್ ಕಾಂಬೋಡಿಯಾದ ಕೆಲಸಕ್ಕೆ ಇಳಿದರು. ಒಂದು ಉಚಿತ ಆಸ್ಪತ್ರೆ, ಹಳ್ಳಿಗಳಲ್ಲಿ ನೂರಾರು ಶಾಲಾ ಕಟ್ಟಡಗಳು, ಒಂದು ಅನಾಥಾಶ್ರಮ ಅವರ ಓಡಾಟದಿಂದ ಆದವು. ಪತ್ರಿಕೆ ಅವುಗಳ ಜೊತೆಗೇ ಬಂತು. 1993ರ ಆಗಸ್ಟ್ 20ರಂದು ಮೊದಲ ಸಂಚಿಕೆ. ವಿಶ್ವಸಂಸ್ಥೆಯವರು ಗಂಟುಮೂಟೆ ಕಟ್ಟುತ್ತಿದ್ದ ಹೊತ್ತು ಅದು. ಹೆದರದೆ, ಯಾರ ಮುಲಾಜೂ ಇಲ್ಲದೆ ಎಲ್ಲ ಸುದ್ದಿ ಕೊಡುತ್ತೇವೆ ಎಂಬುದು ಅದರ ಘೋಷವಾಕ್ಯ. ನೋಡಲು ದೊಡ್ಡ ಪತ್ರಿಕೆಯ ಹಾಗಿರಲಿಲ್ಲ. ನಾವು ಜೆರಾಕ್ಸ್‌ಗೆ ಬಳಸುವ ಎ4 ಹಾಳೆಯ ಅಳತೆ, ಕೆಲವು ಪುಟ. ಕೊನೆಯ ಪುಟಗಳಲ್ಲಿ ಅಲ್ಲಿನ ಜನರ ಭಾಷೆಯಾದ ಖ್ಮೇರ್‌ನಲ್ಲಿ ಕೆಲವು ಸುದ್ದಿ.

ಶುರುವಿನ ಸಂಪಾದಕರಿಬ್ಬರೂ ಎಳೆಯ ಅಮೆರಿಕನ್ನರು. ಅವರಲ್ಲಿ ಒಬ್ಬರಾದ ರಾಬಿನ್ ಮೆಕ್‌ಡೊವೆಲ್ ಮುಂದೆ ಎಪಿ ಸುದ್ದಿಸಂಸ್ಥೆಗೆ ಹೋದರು. ಆಗ್ನೇಯ ಏಷ್ಯಾದ ಮೀನುಗಾರಿಕೆಯಲ್ಲಿ ಜೀತ ಮಾಡುತ್ತಿದ್ದವರ ಬಗ್ಗೆ ಬರೆದ ತಂಡದಲ್ಲಿದ್ದರು. ಆ ವರದಿಗಳಿಗೆ 2016ರಲ್ಲಿ ಪುಲಿಟ್ಜರ್ ಬಂತು. ಕಾಂಬೋಡಿಯಾ ಡೈಲಿಯಲ್ಲಿ ಕೆಲಸ ಕಲಿತು ದೊಡ್ಡ ಸಂಸ್ಥೆಗಳಿಗೆ ಹೋದವರು ಇನ್ನೂ ತುಂಬ ಜನ ಇದ್ದಾರೆ. ಸಂಬಳ ಕಡಿಮೆ, ಕೆಲಸ ಜಾಸ್ತಿ, ಆದರೆ ಅಂಥ ಪಾಠಶಾಲೆ ಬೇರೆ ಸಿಗುತ್ತಿರಲಿಲ್ಲ.

ಕ್ರಿಷರ್ ಇದನ್ನು ಲಾಭಕ್ಕೆ ನಡೆಸಲಿಲ್ಲ. ಇಂಗ್ಲಿಷ್ ಓದುಗರು ಕಡಿಮೆ ಇರುವ ದೇಶದಲ್ಲಿ ಹೋಟೆಲು, ವಿಮಾನ ಕಂಪನಿ, ಸೇವಾ ಸಂಸ್ಥೆಗಳ ಕೆಲಸ ಖಾಲಿ ಇದೆ ಎಂಬ ಜಾಹೀರಾತು ಇಷ್ಟರಲ್ಲೇ ಸುದ್ದಿಮನೆ ಸಾಗಬೇಕು. ಕ್ರಿಷರ್ ಕೈಯಿಂದಲೂ ಹಾಕುತ್ತಿದ್ದರು, ಪರಿಚಿತರಿಂದಲೂ ತರುತ್ತಿದ್ದರು. ಒಬ್ಬರ ಹಟದ ಮೇಲೆ ನಿಂತ ಸಂಸ್ಥೆಗೆ ಒಂದು ಬಲ ಇರುತ್ತದೆ. ಜಾಹೀರಾತುದಾರರಿಗೆ ಹೆದರಬೇಕಿಲ್ಲ. ಒಂದು ದೌರ್ಬಲ್ಯವೂ ಇರುತ್ತದೆ. ಲೆಕ್ಕಪತ್ರ, ನೋಂದಣಿ, ಮಾಲೀಕತ್ವ ಎಲ್ಲವೂ ಆ ಒಬ್ಬರ ಸುತ್ತ ಸಡಿಲವಾಗಿ ಇರುತ್ತವೆ. ಕೊನೆಗೆ ಸರ್ಕಾರ ಕೈ ಹಾಕಿದ್ದು ಅಲ್ಲಿಗೇ.

ಒಂದು ಸುದ್ದಿಗೆ ಎರಡು ಹೆಸರು

ಪತ್ರಿಕೆಯ ಮುಖಪುಟ ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಬಹಳಷ್ಟು ಸುದ್ದಿಗಳ ಮೇಲೆ ಎರಡು ಹೆಸರು. ಒಂದು ಕಾಂಬೋಡಿಯನ್, ಇನ್ನೊಂದು ವಿದೇಶಿ. ಇದು ಕೆಲಸ ಕಲಿಸುವ ಪದ್ಧತಿಯೂ ಹೌದು, ರಕ್ಷಣೆಯ ಪದ್ಧತಿಯೂ ಹೌದು.

ಕಾಂಬೋಡಿಯನ್ ವರದಿಗಾರರಿಗೆ ಊರು ಗೊತ್ತು, ಜನ ಗೊತ್ತು. ಕಮ್ಯೂನ್ ಮುಖ್ಯಸ್ಥ, ಅಂದರೆ ನಮ್ಮ ಪಂಚಾಯಿತಿ ಅಧ್ಯಕ್ಷರಂಥವರು, ಫೋನಿನಲ್ಲಿ ಹೇಗೆ ಮಾತಾಡಿದರೆ ಬಾಯಿ ಬಿಡುತ್ತಾರೆ ಅನ್ನುವುದು ಗೊತ್ತು. ವಿದೇಶಿ ವರದಿಗಾರರಿಗೆ ಇಂಗ್ಲಿಷ್ ಬರವಣಿಗೆ ಗೊತ್ತು, ದಾಖಲೆ ತೆಗೆಸುವ ರೀತಿ ಗೊತ್ತು. ಸುದ್ದಿಯಲ್ಲಿ ಹೆಸರು ಬಂದ ಮಂತ್ರಿಗೆ, ಕಂಪನಿಗೆ ಫೋನು ಮಾಡಿ ಅವರ ಮಾತನ್ನೂ ಹಾಕಲೇಬೇಕು. ಅವರು ಫೋನು ಇಟ್ಟರೆ ಫೋನು ಇಟ್ಟರು ಅಂತಲೇ ಬರೆಯಬೇಕು. ಇದನ್ನು ದಿನವೂ ಮಾಡಿ ಮಾಡಿ ಒಂದು ತಲೆಮಾರಿನ ಕಾಂಬೋಡಿಯನ್ ಪತ್ರಕರ್ತರು ತಯಾರಾದರು. ಪತ್ರಿಕೆಯ ದೊಡ್ಡ ಸಾಧನೆ ಇದೇ ಅಂತ ನನ್ನ ಅಭಿಪ್ರಾಯ. ಯಾವ ಒಂದು ಸ್ಕೂಪ್‌ಗಿಂತಲೂ ಇದು ದೊಡ್ಡದು.

ರಕ್ಷಣೆಯ ಮಾತಿಗೆ ಬರೋಣ. ಖ್ಮೇರ್ ಭಾಷೆಯ ಪತ್ರಕರ್ತರಿಗೆ ಆ ವರ್ಷಗಳಲ್ಲಿ ಏನಾಯಿತು ನೋಡಿ. 1994ರ ಸೆಪ್ಟೆಂಬರ್‌ನಲ್ಲಿ ಸಂಪಾದಕ ನುವನ್ ಚಾನ್ ಅವರನ್ನು ನಾಮ್ ಪೆನ್‌ನ ಬೀದಿಯಲ್ಲಿ ಗುಂಡಿಕ್ಕಿ ಕೊಂದರು. 1996ರ ಮೇ ತಿಂಗಳಲ್ಲಿ ಇನ್ನೊಬ್ಬ ಸಂಪಾದಕ ಥುನ್ ಬುನ್ ಲೀ ಅವರ ಕೊಲೆಯಾಯಿತು. 2008ರ ಜುಲೈಯಲ್ಲಿ, ಚುನಾವಣೆಗೆ ಕೆಲವು ದಿನ ಇರುವಾಗ, ಖಿಮ್ ಸಾಂಬೊ ಎಂಬ ವರದಿಗಾರರನ್ನೂ ಅವರ ಮಗನನ್ನೂ ಕೊಂದರು. ಮೂವರೂ ಸರ್ಕಾರವನ್ನು ಟೀಕಿಸುತ್ತಿದ್ದ ಪತ್ರಿಕೆಗಳವರು.

ಅದೇ ಊರಲ್ಲಿ, ಅದೇ ವರ್ಷಗಳಲ್ಲಿ, ಅಷ್ಟೇ ಖಾರವಾಗಿ ಬರೆದ ಇಂಗ್ಲಿಷ್ ಪತ್ರಿಕೆಗಳು ಬದುಕಿದವು. ಕಾಂಬೋಡಿಯಾ ಡೈಲಿಯ ಜೊತೆ ನಾಮ್ ಪೆನ್ ಪೋಸ್ಟ್ ಕೂಡ ಇತ್ತು. ಅದನ್ನು 1992ರ ಜುಲೈಯಲ್ಲಿ ಮೈಕಲ್ ಹೇಯ್ಸ್ ಮತ್ತು ಕ್ಯಾತ್ಲೀನ್ ಓಕೀಫ್ ಎಂಬ ಅಮೆರಿಕನ್ ದಂಪತಿ ಶುರು ಮಾಡಿದ್ದರು. ಮೊದಲು ಎರಡು ವಾರಕ್ಕೊಂದು ಸಲ ಬರುತ್ತಿತ್ತು, 2008ರಲ್ಲಿ ದಿನಪತ್ರಿಕೆಯಾಯಿತು.

ಈ ವ್ಯತ್ಯಾಸ ಯಾಕೆ?

ದುಡ್ಡು ಕೊಡುವವರು ಓದುವ ಪತ್ರಿಕೆ

ತೊಂಬತ್ತರ ದಶಕದಲ್ಲಿ, ಎರಡು ಸಾವಿರದ ಮೊದಲ ವರ್ಷಗಳಲ್ಲೂ, ಕಾಂಬೋಡಿಯಾ ಸರ್ಕಾರದ ಖರ್ಚಿನಲ್ಲಿ ಅರ್ಧದಷ್ಟು ವಿದೇಶಿ ನೆರವಿನಿಂದ ಬರುತ್ತಿತ್ತು. ಅಮೆರಿಕ, ಯುರೋಪಿನ ದೇಶಗಳು, ಜಪಾನ್, ಆಸ್ಟ್ರೇಲಿಯಾ, ವಿಶ್ವಬ್ಯಾಂಕ್ ಎಲ್ಲರೂ ಕೊಡುತ್ತಿದ್ದರು. ಕಾಲಕಾಲಕ್ಕೆ ಅವರೆಲ್ಲ ಸೇರಿ ಸರ್ಕಾರದ ಜೊತೆ ಕೂತು ಲೆಕ್ಕ ಕೇಳುತ್ತಿದ್ದರು. ಕಾಡು ಎಷ್ಟು ಉಳಿದಿದೆ? ಕೋರ್ಟುಗಳು ಹೇಗಿವೆ? ಚುನಾವಣೆ ಸರಿಯಾಗಿ ಆಯಿತಾ?

ಈ ರಾಯಭಾರಿಗಳಿಗೆ, ಸೇವಾ ಸಂಸ್ಥೆಯವರಿಗೆ ಖ್ಮೇರ್ ಓದಲು ಬರುತ್ತಿರಲಿಲ್ಲ. ಬೆಳಗ್ಗೆ ಅವರ ಮೇಜಿನ ಮೇಲೆ ಇರುತ್ತಿದ್ದದ್ದು ಈ ಎರಡು ಇಂಗ್ಲಿಷ್ ಪತ್ರಿಕೆಗಳು. ಹಾಗಾಗಿ ಕೆಲವೇ ಸಾವಿರ ಪ್ರತಿಯ ಪತ್ರಿಕೆಗೆ ಅಷ್ಟು ತೂಕ. ಅದನ್ನು ಮುಚ್ಚಿಸಿದರೆ ಮರುದಿನವೇ ದುಡ್ಡು ಕೊಡುವವರಿಗೆ ಗೊತ್ತಾಗುತ್ತದೆ. ಬಿಟ್ಟರೆ ಒಂದು ಲಾಭವೂ ಇದೆ. ನೋಡಿ, ನಮ್ಮಲ್ಲಿ ಪತ್ರಿಕಾ ಸ್ವಾತಂತ್ರ್ಯ ಇದೆ ಅಂತ ತೋರಿಸಬಹುದು. ವೋಟು ಹಾಕುವ ಹಳ್ಳಿಯವರು ಹೇಗೂ ಅದನ್ನು ಓದುವುದಿಲ್ಲ. ಅವರಿಗೆ ಸುದ್ದಿ ತಲುಪುವುದು ರೇಡಿಯೊದಲ್ಲಿ, ಟಿವಿಯಲ್ಲಿ. ಟಿವಿ ಪೂರ್ತಿ ಸರ್ಕಾರದವರ ಮತ್ತು ಅವರ ಆಪ್ತರ ಕೈಯಲ್ಲಿತ್ತು.

ಇಂಗ್ಲಿಷಿನಲ್ಲಿ ಬರೆದದ್ದಕ್ಕೆ ಎಷ್ಟು ಶಕ್ತಿ ಇರುತ್ತಿತ್ತು ಅನ್ನುವುದಕ್ಕೆ ಬೊಯೆಂಗ್ ಕಾಕ್ ಕೆರೆಯ ಪ್ರಕರಣ ನೋಡಬೇಕು. ಅದು ನಾಮ್ ಪೆನ್‌ನ ನಡುಭಾಗದಲ್ಲಿದ್ದ ದೊಡ್ಡ ಕೆರೆ. 2007ರಲ್ಲಿ ಸರ್ಕಾರ ಅದನ್ನು ಸುತ್ತಲಿನ ಜಾಗದ ಜೊತೆ ಶುಕಾಕು ಎಂಬ ಕಂಪನಿಗೆ 99 ವರ್ಷದ ಗುತ್ತಿಗೆಗೆ ಕೊಟ್ಟಿತು. ಕಂಪನಿ ಕೆರೆಗೆ ಮರಳು ತುಂಬತೊಡಗಿತು. ದಡದಲ್ಲಿದ್ದ ಸಾವಿರಾರು ಕುಟುಂಬಗಳು ಮನೆ ಬಿಡಬೇಕಾಯಿತು. ಕೆರೆಗಳನ್ನು ಮುಚ್ಚಿ ಲೇಔಟ್ ಮಾಡಿದ್ದನ್ನು ಕಂಡ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿನ ಹೆಂಗಸರು ಬೀದಿಗಿಳಿದರು. ಪೊಲೀಸರು ಹೊಡೆದರು, ಜೈಲಿಗೆ ಹಾಕಿದರು, ಅವರು ಮತ್ತೆ ಬಂದರು. ಇಂಗ್ಲಿಷ್ ಪತ್ರಿಕೆಗಳು ಇದನ್ನು ವರ್ಷಗಟ್ಟಲೆ ಬೆನ್ನು ಹತ್ತಿದವು. ಆ ದೇಶದ ಜಮೀನು ದಾಖಲೆ ಸರಿಪಡಿಸುವ ಯೋಜನೆಗೆ ದುಡ್ಡು ಕೊಟ್ಟಿದ್ದದ್ದು ವಿಶ್ವಬ್ಯಾಂಕ್. ಅಲ್ಲಿನ ನಿವಾಸಿಗಳ ಪರವಾಗಿ ಬ್ಯಾಂಕಿಗೆ ದೂರು ಹೋಯಿತು. ತನಿಖೆ ಆಯಿತು. 2011ರ ಆಗಸ್ಟ್‌ನಲ್ಲಿ, ಈ ಗಲಾಟೆ ಬಗೆಹರಿಯುವವರೆಗೆ ಕಾಂಬೋಡಿಯಾಕ್ಕೆ ಹೊಸ ಸಾಲ ಇಲ್ಲ ಅಂತ ಬ್ಯಾಂಕ್ ಹೇಳಿದ್ದು ಹೊರಬಂತು. ಕೆಲವೇ ದಿನಗಳಲ್ಲಿ ಹುನ್ ಸೆನ್ ಸರ್ಕಾರ ಉಳಿದ ಕುಟುಂಬಗಳಿಗೆ 12.44 ಹೆಕ್ಟೇರ್ ಜಾಗ ಬಿಟ್ಟುಕೊಟ್ಟಿತು. ಕೆರೆ ಉಳಿಯಲಿಲ್ಲ. ಬಹುಪಾಲು ಜನ ಅಷ್ಟರಲ್ಲಿ ಜಾಗ ಬಿಟ್ಟಾಗಿತ್ತು. ಆದರೂ ನೂರಾರು ಮನೆಗಳು ಉಳಿದವು. ಹೋರಾಡಿದ್ದು ಆ ಹೆಂಗಸರು. ಸುದ್ದಿಯನ್ನು ದುಡ್ಡಿನ ಚೀಲ ಹಿಡಿದವರ ಕಣ್ಣೆದುರು ದಿನವೂ ಇಟ್ಟದ್ದು ಪತ್ರಿಕೆಗಳು.

ಈ ಗುರಾಣಿ ಎಲ್ಲರನ್ನೂ ಕಾಯುತ್ತಿರಲಿಲ್ಲ ಅನ್ನುವುದನ್ನೂ ಹೇಳಲೇಬೇಕು. 2012ರ ಏಪ್ರಿಲ್ 26ರಂದು ಕಾಂಬೋಡಿಯಾ ಡೈಲಿಯ ಇಬ್ಬರು ವರದಿಗಾರ್ತಿಯರು ಕೊಹ್ ಕಾಂಗ್ ಪ್ರಾಂತ್ಯದ ಕಾಡಿಗೆ ಹೋಗಿದ್ದರು. ಕರೆದುಕೊಂಡು ಹೋಗಿದ್ದವರು ಚುಟ್ ವುಟ್ಟಿ. ಅಕ್ರಮವಾಗಿ ಮರ ಕಡಿಯುವುದರ ವಿರುದ್ಧ ಹೋರಾಡುತ್ತಿದ್ದ, ದೇಶಕ್ಕೆಲ್ಲ ಗೊತ್ತಿದ್ದ ಪರಿಸರವಾದಿ. ಅಲ್ಲಿ ಮಿಲಿಟರಿ ಪೊಲೀಸರು ತಡೆದರು. ಚುಟ್ ವುಟ್ಟಿಯವರಿಗೆ ಗುಂಡು ಬಿತ್ತು, ಸತ್ತರು. ಒಬ್ಬ ಮಿಲಿಟರಿ ಪೊಲೀಸನೂ ಸತ್ತ. ವರದಿಗಾರ್ತಿಯರು ಬದುಕಿ ಬಂದರು. ಸುದ್ದಿಗೆ ದಾರಿ ತೋರಿಸುವವರಿಗೆ, ಮಾತಾಡುವ ಹಳ್ಳಿಯವರಿಗೆ ಇಂಗ್ಲಿಷಿನ ರಕ್ಷಣೆ ಇರಲಿಲ್ಲ.

257 ಲಾರಿಗಳು

ಗುರಾಣಿ ತೆಳುವಾಗತೊಡಗಿದ್ದು ಪತ್ರಿಕೆ ಮುಚ್ಚುವುದಕ್ಕಿಂತ ಬಹಳ ಮೊದಲು. ಒಂದು ಘಟನೆಯಿಂದ ಅದು ಸ್ಪಷ್ಟವಾಗಿ ಕಾಣುತ್ತದೆ.

2009ರ ಡಿಸೆಂಬರ್‌ನಲ್ಲಿ ಚೀನಾದಿಂದ ಓಡಿಬಂದು ಆಶ್ರಯ ಕೇಳಿದ್ದ, ಅಲ್ಲಿನ ಮುಸ್ಲಿಂ ಅಲ್ಪಸಂಖ್ಯಾತರಾದ 20 ಉಯ್ಘರ್ ಜನರನ್ನು ಕಾಂಬೋಡಿಯಾ ಚೀನಾಕ್ಕೆ ವಾಪಸ್ ಕಳಿಸಿತು. ಕೆಲವೇ ದಿನದಲ್ಲಿ ಆಗ ಉಪಾಧ್ಯಕ್ಷರಾಗಿದ್ದ ಷಿ ಜಿನ್‌ಪಿಂಗ್ ನಾಮ್ ಪೆನ್‌ಗೆ ಬಂದರು. ಸುಮಾರು 120 ಕೋಟಿ ಡಾಲರ್ ಮೊತ್ತದ ಒಪ್ಪಂದಗಳಿಗೆ ಸಹಿ ಬಿತ್ತು. ಉಯ್ಘರ್ ಜನರನ್ನು ಕಳಿಸಿದ್ದಕ್ಕೆ ಸಿಟ್ಟಾದ ಅಮೆರಿಕ, ಕಾಂಬೋಡಿಯಾ ಸೇನೆಗೆ ಕೊಡಬೇಕಿದ್ದ ಸುಮಾರು 200 ಹಳೆಯ ಲಾರಿಗಳನ್ನು 2010ರಲ್ಲಿ ತಡೆಹಿಡಿಯಿತು. ಸ್ವಲ್ಪ ದಿನಕ್ಕೆ ಚೀನಾ 257 ಲಾರಿ ಕೊಟ್ಟಿತು. ಹೊಸವು.

ಇದರ ಅರ್ಥ ಸುದ್ದಿಮನೆಗೂ ತಟ್ಟುವಂಥದ್ದು. ಪಶ್ಚಿಮದವರು ಕೊಡದಿದ್ದರೆ ಕೊಡುವ ಬೇರೆಯವರು ಇದ್ದಾರೆ. ಅವರು ಕೋರ್ಟಿನ ಬಗ್ಗೆ, ಪತ್ರಿಕೆಯ ಬಗ್ಗೆ ಕೇಳುವುದಿಲ್ಲ. ರಸ್ತೆ, ಸೇತುವೆ, ಅಣೆಕಟ್ಟು ಚೀನಾದ ಸಾಲದಲ್ಲಿ ಆಗತೊಡಗಿದವು. ಗಾರ್ಮೆಂಟ್ ಕಾರ್ಖಾನೆಗಳಿಂದ ದೇಶಕ್ಕೆ ಸ್ವಂತ ಆದಾಯವೂ ಬರತೊಡಗಿತು. ನೆರವಿನ ಪಾಲು ಇಳಿಯುತ್ತಾ ಹೋಯಿತು. ಆ ರಾಯಭಾರಿಗಳು ಬೆಳಗ್ಗೆ ಪತ್ರಿಕೆ ಓದುವುದನ್ನು ಬಿಡಲಿಲ್ಲ. ಆದರೆ ಓದಿ ಸಿಟ್ಟಾದರೂ ಅವರ ಮಾತಿಗೆ ಮೊದಲಿನ ಬೆಲೆ ಇರಲಿಲ್ಲ.

ಇನ್ನೊಂದು ಕಡೆ ಜನರ ಕೈಗೆ ಮೊಬೈಲ್ ಬಂತು, ಫೇಸ್‌ಬುಕ್ ಬಂತು. 2013ರ ಚುನಾವಣೆಯಲ್ಲಿ ವಿರೋಧ ಪಕ್ಷ 123ರಲ್ಲಿ 55 ಸೀಟು ಗೆದ್ದು ಹುನ್ ಸೆನ್ ಅವರಿಗೆ ದೊಡ್ಡ ಹೊಡೆತ ಕೊಟ್ಟಿತು. 2017ರ ಜೂನ್‌ನಲ್ಲಿ ನಡೆದ ಕಮ್ಯೂನ್ ಚುನಾವಣೆಯಲ್ಲೂ ಶೇಕಡ 44ರಷ್ಟು ವೋಟು ಪಡೆಯಿತು. ಮುಂದಿನ ವರ್ಷವೇ ಸಂಸತ್ ಚುನಾವಣೆ. ಇಂಗ್ಲಿಷಿನಲ್ಲಿ ಬಂದ ಸುದ್ದಿ ಈಗ ಇಂಗ್ಲಿಷಿನಲ್ಲೇ ಉಳಿಯುತ್ತಿರಲಿಲ್ಲ. ಯಾರೋ ಖ್ಮೇರ್‌ನಲ್ಲಿ ಬರೆದು ಹಾಕಿದರೆ ಸಂಜೆಯೊಳಗೆ ಹಳ್ಳಿ ಹಳ್ಳಿ ಸುತ್ತುತ್ತಿತ್ತು. ಹಳ್ಳಿಯವರು ಓದುವುದಿಲ್ಲ, ಬಿಡಿ ಎಂಬ ಹಳೆಯ ಲೆಕ್ಕ ತಪ್ಪಿಹೋಯಿತು.

ಪಶ್ಚಿಮದ ಸಿಟ್ಟಿಗೆ ಹೆದರಬೇಕಿಲ್ಲ, ಊರೊಳಗಿನ ಸಿಟ್ಟಿಗೆ ಮಾತ್ರ ಹೆದರಬೇಕು. ಎರಡೂ ಒಟ್ಟಿಗೆ ಬಂದದ್ದು 2017ರಲ್ಲಿ.

63 ಲಕ್ಷ ಡಾಲರ್‌ನ ನೋಟಿಸು

2017ರ ಏಪ್ರಿಲ್‌ನಲ್ಲಿ ಕ್ರಿಷರ್ ಪತ್ರಿಕೆಯನ್ನು ಮಗಳು ಡೆಬೊರಾ ಕ್ರಿಷರ್ ಸ್ಟೀಲ್ ಅವರಿಗೆ ವಹಿಸಿದ್ದರು. ಆಗಸ್ಟ್ ಆರಂಭದಲ್ಲಿ ತೆರಿಗೆ ಇಲಾಖೆಯಿಂದ ನೋಟಿಸು ಬಂತು. ಹಿಂದಿನ ವರ್ಷಗಳ ತೆರಿಗೆ, ಬಡ್ಡಿ, ದಂಡ ಸೇರಿ ಸುಮಾರು 63 ಲಕ್ಷ ಡಾಲರ್ ಕಟ್ಟಬೇಕು. ಗಡುವು ಸೆಪ್ಟೆಂಬರ್ 4. ನೋಟಿಸು ಸರ್ಕಾರದ ಪರವಾದ ಸುದ್ದಿತಾಣದಲ್ಲೂ ಬಂದುಬಿಟ್ಟಿತು. ಪತ್ರಿಕೆಯನ್ನು ಹುನ್ ಸೆನ್ ಬಹಿರಂಗವಾಗಿ ಕಳ್ಳ ಅಂದರು. ಕಟ್ಟಿ, ಇಲ್ಲವೇ ಗಂಟುಮೂಟೆ ಕಟ್ಟಿಕೊಂಡು ಹೊರಡಿ ಅಂದರು.

ತೆರಿಗೆ ಕಟ್ಟಬೇಕಾ ಬೇಡವಾ ಅನ್ನುವುದು ನ್ಯಾಯವಾದ ಪ್ರಶ್ನೆಯೇ. ಪತ್ರಿಕೆಯಾದರೂ ಕಾನೂನು ಒಂದೇ. ಆದರೆ ಅದನ್ನು ತೀರ್ಮಾನಿಸುವ ದಾರಿ ಇರುತ್ತದೆ. ಲೆಕ್ಕ ನೋಡಬೇಕು, ಆಕ್ಷೇಪಣೆ ಕೇಳಬೇಕು, ಮೇಲ್ಮನವಿಗೆ ಅವಕಾಶ ಕೊಡಬೇಕು. ಲೆಕ್ಕ ಪರಿಶೋಧನೆ ಮಾಡದೆಯೇ ಮೊತ್ತ ಹಾಕಿದ್ದಾರೆ, ನಮ್ಮ ಮಾತು ಕೇಳಿಲ್ಲ ಎಂಬುದು ಪತ್ರಿಕೆಯವರ ದೂರು. ಇಷ್ಟು ವರ್ಷ ಸುಮ್ಮನಿದ್ದ ಇಲಾಖೆ ಚುನಾವಣೆಯ ಹಿಂದಿನ ವರ್ಷ ಒಂದು ತಿಂಗಳ ಗಡುವು ಕೊಟ್ಟಿತು ಅನ್ನುವುದೇ ಎಲ್ಲವನ್ನೂ ಹೇಳುತ್ತದೆ ಅಂತ ನಾನು ನಂಬುತ್ತೇನೆ. ಸೆನ್ಸಾರ್ ಮಾಡಿದರು ಅಂತ ಯಾರೂ ಹೇಳುವ ಹಾಗಿಲ್ಲ. ಯಾವ ಸುದ್ದಿಯನ್ನೂ ತಡೆಯಲಿಲ್ಲ, ಯಾವ ಸಂಪಾದಕರನ್ನೂ ಹಿಡಿಯಲಿಲ್ಲ. ಬರೀ ಬಿಲ್ಲು.

ಅದೇ ವಾರಗಳಲ್ಲಿ ಬೇರೆ ಏನೇನು ಆಯಿತು ಅಂತ ನೋಡಿದರೆ ಸಂಶಯ ಉಳಿಯುವುದಿಲ್ಲ. ಅಮೆರಿಕದ ನ್ಯಾಷನಲ್ ಡೆಮಾಕ್ರಟಿಕ್ ಇನ್‌ಸ್ಟಿಟ್ಯೂಟ್ ಸಂಸ್ಥೆಯನ್ನು ದೇಶದಿಂದ ಹೊರಹಾಕಿದರು. ಅಮೆರಿಕ ಸರ್ಕಾರದ ದುಡ್ಡಿನಲ್ಲಿ ನಡೆಯುತ್ತಿದ್ದ ರೇಡಿಯೊ ಫ್ರೀ ಏಷ್ಯಾ, ವಾಯ್ಸ್ ಆಫ್ ಅಮೆರಿಕದ ಖ್ಮೇರ್ ಸುದ್ದಿ ಹಾಕುತ್ತಿದ್ದ ಹತ್ತಕ್ಕೂ ಹೆಚ್ಚು ಎಫ್ಎಂ ಕೇಂದ್ರಗಳು ಬಂದ್ ಆದವು. ಹಳ್ಳಿಗೆ ಸುದ್ದಿ ಹೋಗುವ ದೊಡ್ಡ ದಾರಿ ಅದಾಗಿತ್ತು. ನನ್ನ ದೃಷ್ಟಿಯಲ್ಲಿ ಪತ್ರಿಕೆ ಮುಚ್ಚಿದ್ದಕ್ಕಿಂತ ಇದು ದೊಡ್ಡ ನಷ್ಟ. ಹೊರಗೆ ಜಾಸ್ತಿ ಸದ್ದು ಮಾಡಿದ್ದು ಮಾತ್ರ ಇಂಗ್ಲಿಷ್ ಪತ್ರಿಕೆ. ನವೆಂಬರ್ 16ರಂದು ಸುಪ್ರೀಂ ಕೋರ್ಟ್ ಮುಖ್ಯ ವಿರೋಧ ಪಕ್ಷವನ್ನೇ ವಿಸರ್ಜಿಸಿತು. 2018ರ ಜುಲೈಯಲ್ಲಿ ಹುನ್ ಸೆನ್ ಅವರ ಪಕ್ಷ 125ಕ್ಕೆ 125 ಸೀಟು ಗೆದ್ದಿತು.

ಪಶ್ಚಿಮದ ದೇಶಗಳು ಏನು ಮಾಡಿದವು? ಖಂಡಿಸಿದವು. ತಮ್ಮ ಮಾರುಕಟ್ಟೆಗೆ ಸುಂಕವಿಲ್ಲದೆ ಬರಲು ಕಾಂಬೋಡಿಯಾಕ್ಕೆ ಕೊಟ್ಟಿದ್ದ ರಿಯಾಯಿತಿಯನ್ನು ಯುರೋಪಿಯನ್ ಒಕ್ಕೂಟ ಕಡಿತ ಮಾಡಿದ್ದು 2020ರ ಆಗಸ್ಟ್‌ನಲ್ಲಿ. ಅದೂ ಅಲ್ಲಿಗೆ ಹೋಗುವ ಸರಕಿನ ಸುಮಾರು ಐದನೇ ಒಂದು ಭಾಗಕ್ಕೆ ಮಾತ್ರ. ಅಷ್ಟರಲ್ಲಿ ಪತ್ರಿಕೆ ಮುಚ್ಚಿ ಮೂರು ವರ್ಷವಾಗಿತ್ತು.

ಕ್ರಿಷರ್ 2019ರ ಮಾರ್ಚ್‌ನಲ್ಲಿ ಟೋಕಿಯೋದಲ್ಲಿ ತೀರಿಕೊಂಡರು. ಕಾಂಬೋಡಿಯಾ ಡೈಲಿ ಹೆಸರಿನಲ್ಲಿ ದೇಶದ ಹೊರಗಿನಿಂದ ಆನ್‌ಲೈನ್ ಸುದ್ದಿ ಮುಂದುವರಿಯಿತು. ಕಾಂಬೋಡಿಯಾದೊಳಗೆ ಆ ತಾಣ ತೆರೆಯದಂತೆ 2018ರಲ್ಲೇ ಸರ್ಕಾರ ತಡೆ ಹಾಕಿತು.

ಮಾರಾಟವಾದ ಇನ್ನೊಂದು ಪತ್ರಿಕೆ

ನಾಮ್ ಪೆನ್ ಪೋಸ್ಟ್‌ನ ದಾರಿ ಬೇರೆಯಾಗಿತ್ತು, ಸೇರಿದ ಜಾಗ ಒಂದೇ. ಅದಕ್ಕೂ ಸುಮಾರು 39 ಲಕ್ಷ ಡಾಲರ್‌ನ ತೆರಿಗೆ ಬಿಲ್ಲು ಬಂತು. ಅದರ ಮಾಲೀಕರು ಆಸ್ಟ್ರೇಲಿಯಾದ ಗಣಿ ಉದ್ಯಮಿ. 2018ರ ಮೇ ತಿಂಗಳಲ್ಲಿ ಪತ್ರಿಕೆಯನ್ನು ಮಲೇಷ್ಯಾದ ಉದ್ಯಮಿಯೊಬ್ಬರಿಗೆ ಮಾರಿದರು. ಕೊಂಡವರು ಒಂದು ಪಬ್ಲಿಕ್ ರಿಲೇಷನ್ಸ್ ಕಂಪನಿಯ ಮುಖ್ಯಸ್ಥರು. ಆ ಕಂಪನಿ ಹಿಂದೆ ಹುನ್ ಸೆನ್ ಸರ್ಕಾರಕ್ಕೆ ಕೆಲಸ ಮಾಡಿತ್ತು. ವರದಿಗಾರರು ಈ ಸುದ್ದಿಯನ್ನು ತಮ್ಮದೇ ಪತ್ರಿಕೆಯಲ್ಲಿ ಬರೆದರು. ಹೊಸ ಮಾಲೀಕರ ಕಡೆಯವರು ಅದನ್ನು ತೆಗೆಯಿರಿ ಅಂದರು. ಪ್ರಧಾನ ಸಂಪಾದಕ ಕೇ ಕಿಮ್ಸಾಂಗ್ ಕೆಲಸ ಕಳೆದುಕೊಂಡರು. ಹಿರಿಯ ಪತ್ರಕರ್ತರು ಒಬ್ಬರ ಹಿಂದೊಬ್ಬರು ರಾಜೀನಾಮೆ ಕೊಟ್ಟರು. ಆಮೇಲೆಯೂ ಆ ಹೆಸರಿನ ಪತ್ರಿಕೆ ಆರು ವರ್ಷ ಬಂತು. 2024ರ ಮಾರ್ಚ್ ಕೊನೆಗೆ ಅದು ಅಚ್ಚಾಗುವುದೂ ನಿಂತಿತು. ಮುಚ್ಚಿದ ಪತ್ರಿಕೆಗೆ ಜನ ಮರುಗುತ್ತಾರೆ. ಒಳಗಿನಿಂದ ಬದಲಾದ ಪತ್ರಿಕೆಯ ಸಾವು ಯಾರ ಗಮನಕ್ಕೂ ಬರುವುದಿಲ್ಲ.

ಈ ಮಧ್ಯೆ ಖ್ಮೇರ್ ಮತ್ತು ಇಂಗ್ಲಿಷ್ ಎರಡರಲ್ಲೂ ಧೈರ್ಯವಾಗಿ ಬರೆಯುತ್ತಿದ್ದದ್ದು ವಾಯ್ಸ್ ಆಫ್ ಡೆಮಾಕ್ರಸಿ ಎಂಬ ಸುದ್ದಿಸಂಸ್ಥೆ. ಡೈಲಿ, ಪೋಸ್ಟ್ ಎರಡರಿಂದಲೂ ಬಂದವರು ಅಲ್ಲಿ ಸೇರಿದ್ದರು. 2023ರ ಫೆಬ್ರವರಿಯಲ್ಲಿ ಹುನ್ ಸೆನ್ ಅವರ ಮಗ ಹುನ್ ಮಾನೆಟ್ ಬಗ್ಗೆ ಬರೆದ ಒಂದು ಸುದ್ದಿಯ ನೆಪದಲ್ಲಿ ಅದರ ಪರವಾನಗಿ ರದ್ದಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಹುನ್ ಮಾನೆಟ್ ಪ್ರಧಾನಿಯಾದರು.

ನಮಗೂ ತಟ್ಟಿದ ಸುದ್ದಿ

ದೂರದ ದೇಶದ ಪತ್ರಿಕೆ ಮುಚ್ಚಿದರೆ ನಮಗೇನು ಅಂತ ಅನ್ನಿಸಬಹುದು, ಅಲ್ವಾ? ಕಾಂಬೋಡಿಯಾದಲ್ಲಿ ಡಾಟಾ ಎಂಟ್ರಿ ಕೆಲಸ, ಒಳ್ಳೆ ಸಂಬಳ ಅಂತ ನಂಬಿ ಹೋದ ಭಾರತದ ಹುಡುಗರು ಅಲ್ಲಿ ಸೈಬರ್ ವಂಚನೆಯ ಕಟ್ಟಡಗಳಲ್ಲಿ ಸಿಕ್ಕಿಬಿದ್ದರು. ಪಾಸ್‌ಪೋರ್ಟ್ ಕಿತ್ತುಕೊಂಡು, ಭಾರತದಲ್ಲಿರುವವರಿಗೇ ಮೋಸ ಮಾಡುವ ಕೆಲಸಕ್ಕೆ ಅವರನ್ನು ಕೂರಿಸಿದರು. ನಮ್ಮ ರಾಜ್ಯದವರೂ ಅವರಲ್ಲಿದ್ದರು. ಸುಮಾರು 250 ಭಾರತೀಯರನ್ನು ಬಿಡಿಸಿ ಕರೆತಂದಿದ್ದೇವೆ ಅಂತ 2024ರ ಮಾರ್ಚ್ ಕೊನೆಗೆ ನಮ್ಮ ವಿದೇಶಾಂಗ ಸಚಿವಾಲಯ ಹೇಳಿತು. ನಾಮ್ ಪೆನ್ ಪೋಸ್ಟ್ ಅಚ್ಚಾಗುವುದು ನಿಂತದ್ದೂ ಆ ವಾರದಲ್ಲೇ.

ಆ ಕಟ್ಟಡಗಳ ಒಳಗೆ ಏನು ನಡೆಯುತ್ತದೆ ಅಂತ ಮೊದಲು ಹೊರತಂದವರಲ್ಲಿ ಒಬ್ಬರು ಮೆಚ್ ದಾರಾ. ಕಾಂಬೋಡಿಯನ್ ಪತ್ರಕರ್ತ. ಡೈಲಿಯಲ್ಲಿದ್ದರು, ಆಮೇಲೆ ಪೋಸ್ಟ್‌ನಲ್ಲಿ, ಆಮೇಲೆ ವಾಯ್ಸ್ ಆಫ್ ಡೆಮಾಕ್ರಸಿಯಲ್ಲಿ. ಅವರು ದುಡಿದ ಮೂರೂ ಸುದ್ದಿಮನೆಗಳು ಮೊದಲಿನ ರೂಪದಲ್ಲಿ ಈಗಿಲ್ಲ. ಮಾನವ ಕಳ್ಳಸಾಗಣೆ ಬಯಲಿಗೆಳೆದದ್ದಕ್ಕೆ 2023ರಲ್ಲಿ ಅಮೆರಿಕ ಸರ್ಕಾರ ಅವರನ್ನು ಸನ್ಮಾನಿಸಿತು. 2024ರ ಸೆಪ್ಟೆಂಬರ್ 30ರಂದು, ಫೇಸ್‌ಬುಕ್‌ನಲ್ಲಿ ಹಾಕಿದ ಪೋಸ್ಟುಗಳಿಗಾಗಿ, ಜನರನ್ನು ಪ್ರಚೋದಿಸಿದ ಆರೋಪದ ಮೇಲೆ ಅವರನ್ನು ಬಂಧಿಸಿದರು. ವಾರಗಳ ನಂತರ, ಕ್ಷಮೆ ಕೇಳುವ ವಿಡಿಯೊ ಹೊರಬಂದ ಮೇಲೆ, ಜಾಮೀನು ಸಿಕ್ಕಿತು. ಪತ್ರಿಕೋದ್ಯಮ ಬಿಡುತ್ತಿದ್ದೇನೆ ಅಂದರು.

ಡೈಲಿಯಂಥ ಸುದ್ದಿಮನೆಗಳಲ್ಲಿ ಪಳಗಿದ ಪೀಳಿಗೆಯ ಕೆಲವರು ಇನ್ನೂ ಬರೆಯುತ್ತಿದ್ದಾರೆ. 2019ರಲ್ಲಿ ಹುಟ್ಟಿದ ಕಾಂಬೋಡಿಯನ್ ಪತ್ರಕರ್ತರ ಒಕ್ಕೂಟ, ಕ್ಯಾಂಬೋಜಾ, ಖ್ಮೇರ್‌ನಲ್ಲೂ ಇಂಗ್ಲಿಷಿನಲ್ಲೂ ಸುದ್ದಿ ಕೊಡುತ್ತದೆ. ಇಲ್ಲಿ ಯಜಮಾನರು ಕಾಂಬೋಡಿಯನ್ನರೇ. ಆದರೆ ದುಡ್ಡು ಇನ್ನೂ ಹೊರಗಿನ ಅನುದಾನದ್ದೇ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ದಿಢೀರ್ ನಿಲ್ಲಿಸಿದಾಗ ಅಲ್ಲಿನ ಇಂಥ ಸಂಸ್ಥೆಗಳಿಗೂ ಪೆಟ್ಟು ಬಿತ್ತು. ಈ ಸಲ ಹುನ್ ಮನೆತನದವರು ಏನೂ ಮಾಡಬೇಕಾಗಿ ಬರಲಿಲ್ಲ.